ಕಣದಲ್ಲಿ ಕಾಫಿ ಹರಡುವ ಮುನ್ನ ಓದಬೇಕಾದ ಕಡಲ ಬುಲೆಟಿನ್

ನವೆಂಬರ್‌ನಿಂದ ಜನವರಿವರೆಗೆ ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ಕಣಗಳಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಟಾರ್ಪಾಲು ಯಾವತ್ತು ಎಳೆಯಬೇಕು? ಒಳ್ಳೆಯ ಬಿಸಿಲಿದ್ದರೂ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಳು) ಒಣಗಲು ವಾರದಿಂದ ಹತ್ತು ದಿನ ಬೇಕು, ಸಿಪ್ಪೆ ಸಮೇತ ಒಣಗಿಸುವ ಅರೇಬಿಕಾ ಚೆರ್ರಿಗೆ ಹನ್ನೆರಡರಿಂದ ಹದಿನೈದು ದಿನ. ಫೋನಿನಲ್ಲಿ ಕಾಣುವ ಮೋಡದ ಚಿತ್ರ ನಂಬಿ ಇಷ್ಟು ದಿನದ ಲೆಕ್ಕ ಹಾಕಲಾಗದು. ಆ ಕಾಲದ ದೊಡ್ಡ ಮಳೆಗಳು ಹುಟ್ಟುವುದು ಬಂಗಾಳ ಕೊಲ್ಲಿಯಲ್ಲಿ, ಇಲ್ಲವೇ ಲಕ್ಷದ್ವೀಪದ ಆಸುಪಾಸಿನ ಅರಬ್ಬಿ ಸಮುದ್ರದಲ್ಲಿ. ಹಾಗಾಗಿ ನೋಡಬೇಕಾದದ್ದು ಕಡಲಿನ ಮುನ್ಸೂಚನೆ. ಅದನ್ನು ಕೊಡುವ ಸೇವೆಗಳಲ್ಲಿ ನಮ್ಮ ಬೆಟ್ಟದ ಮೇಲಿನ ಬೆಳೆಗಾರರಿಗೆ ಯಾವುದು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ಈ ವಿಮರ್ಶೆ.

ಮೊದಲ ಸ್ಥಾನ ಭಾರತೀಯ ಹವಾಮಾನ ಇಲಾಖೆಯ ದೆಹಲಿ ಚಂಡಮಾರುತ ಕೇಂದ್ರ ದಿನವೂ ಹೊರಡಿಸುವ ‘ಟ್ರಾಪಿಕಲ್ ವೆದರ್ ಔಟ್‌ಲುಕ್‌’ಗೆ. ಎರಡೂ ಸಮುದ್ರಗಳು ಇದರ ವ್ಯಾಪ್ತಿಯಲ್ಲಿವೆ. ಉಚಿತ. ಬೆಳಗಿನ 8:30ರ ಅವಲೋಕನದ ಮೇಲೆ ಸಿದ್ಧವಾಗಿ ಮಧ್ಯಾಹ್ನದ ಹೊತ್ತಿಗೆ ಸಿಗುತ್ತದೆ. ಅದರಲ್ಲಿರುವ ಸಮಯವೆಲ್ಲ ಯುಟಿಸಿ (ಅಂತರರಾಷ್ಟ್ರೀಯ ಪ್ರಮಾಣ ಸಮಯ), ಅದಕ್ಕೆ ಐದೂವರೆ ಗಂಟೆ ಸೇರಿಸಿಕೊಳ್ಳಬೇಕು. 0300 ಎಂದರೆ ನಮ್ಮ ಬೆಳಗಿನ 8:30.

ಮೊದಲು ನೋಡಬೇಕಾದದ್ದು ಅದರೊಳಗಿನ ಚಿಕ್ಕ ಪಟ್ಟಿಯನ್ನು. ಮುಂದಿನ 168 ಗಂಟೆಗಳನ್ನು, ಅಂದರೆ ಏಳು ದಿನಗಳನ್ನು, 24 ಗಂಟೆಗಳ ಮನೆಗಳಾಗಿ ಮಾಡಿ ಪ್ರತಿ ಮನೆಯಲ್ಲೂ ಡಿಪ್ರೆಶನ್ (ಚಂಡಮಾರುತಕ್ಕಿಂತ ಕೆಳಗಿನ ಮೆಟ್ಟಿಲಿನ ಸುಳಿಗಾಳಿ) ಹುಟ್ಟುವ ಸಾಧ್ಯತೆ ಬರೆದಿರುತ್ತಾರೆ. ‘ನಿಲ್’ ಎಂದರೆ ಇಲ್ಲವೇ ಇಲ್ಲ, ‘ಲೋ’ ಎಂದರೆ ಶೇ 1ರಿಂದ 33, ‘ಮಾಡರೇಟ್’ 34ರಿಂದ 67, ‘ಹೈ’ 68 ಮತ್ತು ಅದರ ಮೇಲೆ. ನಾಲ್ಕೈದು ದಿನದ ಮನೆಯಲ್ಲಿ ‘ಲೋ’ ಇದ್ದದ್ದು ಮರುದಿನ ‘ಮಾಡರೇಟ್’ ಆಯಿತೆಂದರೆ ಕಣದ ಕೆಲಸ ಬದಲಿಸುವ ಸಮಯ ಬಂತು. ಶೇ 10ರ ತೇವಕ್ಕೆ ಇಳಿದ ಪಾರ್ಚ್‌ಮೆಂಟನ್ನು ಮೊದಲು ಚೀಲಕ್ಕೆ ತುಂಬಿ ಗೋದಾಮಿಗೆ ಸಾಗಿಸಬೇಕು. ಅರ್ಧ ಒಣಗಿದ್ದಕ್ಕೆ ಸೂರಿನಡಿ ತೆಳುವಾಗಿ ಹರಡುವಷ್ಟು ಜಾಗ ಮಾಡಬೇಕು. ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹೊಸ ಹಣ್ಣು ಹಾಕುವುದನ್ನು ಆ ಜಾಗಕ್ಕೆ ತಕ್ಕಷ್ಟೇ ಇಡಬೇಕು. ಹಣ್ಣು ಗಿಡದಲ್ಲೇ ಉಳಿದರೆ ಮಳೆಗೆ ಒಡೆದು ಉದುರುತ್ತದೆ, ಕೊಯ್ದರೆ ಕಣದಲ್ಲಿ ನೆನೆಯುತ್ತದೆ. ಎರಡರ ನಡುವೆ ತೀರ್ಮಾನಿಸಲು ಸಿಗುವ ಆ ನಾಲ್ಕು ದಿನಗಳೇ ಈ ಬುಲೆಟಿನ್‌ನ ನಿಜವಾದ ಬೆಲೆ. ಹಿಂದಿನ ರಾತ್ರಿ ಗೊತ್ತಾದರೆ ಉಳಿಯುವ ದಾರಿ ಟಾರ್ಪಾಲು ಮುಚ್ಚುವುದೊಂದೇ. ಹಸಿ ಕಾಳನ್ನು ಎರಡು ದಿನ ಟಾರ್ಪಾಲಿನಡಿ ಬಿಟ್ಟರೆ ಬಿಸಿಯೇರಿ, ಬೂಷ್ಟು ಹಿಡಿದು, ಕುಡಿಯುವ ಕಾಫಿಯಲ್ಲೇ ಕೆಟ್ಟ ವಾಸನೆ ಬರುತ್ತದೆ.

ಇದನ್ನು ಓದುವವರು ಎಡವುವುದು ‘ನಿಲ್’ ಎಂಬ ಪದದಲ್ಲಿ. ಪಟ್ಟಿ ಹೇಳುವುದು ಡಿಪ್ರೆಶನ್ ಹುಟ್ಟುವ ಸಾಧ್ಯತೆಯನ್ನು, ಮಳೆಯ ಸಾಧ್ಯತೆಯನ್ನಲ್ಲ. ಡಿಪ್ರೆಶನ್ ಎನಿಸಿಕೊಳ್ಳಲು ಗಾಳಿ ಕನಿಷ್ಠ 17 ನಾಟ್, ಅಂದರೆ ಗಂಟೆಗೆ 31 ಕಿ.ಮೀ. ಮುಟ್ಟಬೇಕು. ಅದಕ್ಕಿಂತ ಕೆಳಗಿನ ಕಡಿಮೆ ಒತ್ತಡದ ಪ್ರದೇಶ, ಅಥವಾ ಲಕ್ಷದ್ವೀಪದಿಂದ ಕರಾವಳಿಗುಂಟ ಚಾಚಿದ ಒಂದು ಟ್ರಫ್ (ಕಡಿಮೆ ಒತ್ತಡದ ಉದ್ದನೆಯ ಪಟ್ಟಿ) ಸಾಕು, ಕಣ ತುಂಬ ನೀರು ನಿಲ್ಲಲು. ನಮ್ಮ ಪತ್ರಿಕೆ, ಟಿ.ವಿ.ಗಳು ಇವೆಲ್ಲಕ್ಕೂ ‘ವಾಯುಭಾರ ಕುಸಿತ’ ಎಂಬ ಒಂದೇ ಹೆಸರು ಕೊಡುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ಬುಲೆಟಿನ್ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಬೇರೆ ಬೇರೆ ಹೆಸರು ಬಳಸುತ್ತದೆ: 28 ನಾಟ್‌ಗೆ ಡೀಪ್ ಡಿಪ್ರೆಶನ್, 34ಕ್ಕೆ ಚಂಡಮಾರುತ, 48ಕ್ಕೆ ತೀವ್ರ ಚಂಡಮಾರುತ. ಆದ್ದರಿಂದ ಪಟ್ಟಿ ನೋಡಿ ಮುಚ್ಚಿಡಬೇಡಿ. ಎರಡೂ ಸಮುದ್ರಗಳ ವಿವರಣೆಯಲ್ಲಿ ‘ಲೋ ಪ್ರೆಶರ್ ಏರಿಯಾ’, ‘ಸೈಕ್ಲೋನಿಕ್ ಸರ್ಕ್ಯುಲೇಶನ್’ (ಮೇಲ್ಗಾಳಿಯ ಸುಳಿ), ‘ಟ್ರಫ್’ ಎಂಬ ಪದಗಳನ್ನೂ ಹುಡುಕಿ.

ಎಲ್ಲಿ ಹುಟ್ಟಿತು ಎಂಬುದಕ್ಕಿಂತ ಎತ್ತ ಹೊರಟಿತು ಎಂಬುದು ನಮಗೆ ಮುಖ್ಯ. ಬಂಗಾಳ ಕೊಲ್ಲಿಯದು ತಮಿಳುನಾಡಿನ ಮೇಲೆ ಹತ್ತಿ ಪಶ್ಚಿಮಕ್ಕೆ ನಡೆದರೆ ದುರ್ಬಲವಾಗಿಯಾದರೂ ನಮ್ಮ ತಲೆಯ ಮೇಲೇ ಹಾದುಹೋಗುತ್ತದೆ. ಫೆಂಗಲ್ ಚಂಡಮಾರುತ 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಸೇರಿತು. ಡಿಸೆಂಬರ್ 2, 3ರಂದು ದುರ್ಬಲಗೊಂಡು ಉಳಿದ ಅದರ ಭಾಗ ದಕ್ಷಿಣ ಕರ್ನಾಟಕದಲ್ಲಿ ಮಳೆ ಸುರಿಸುತ್ತ ಅರಬ್ಬಿ ಸಮುದ್ರದ ಕಡೆ ಸರಿಯಿತು. ಅರೇಬಿಕಾ ಕೊಯ್ಲು ನಡೆಯುತ್ತಿದ್ದ ಹೊತ್ತು ಅದು. ‘ಚೆನ್ನೈಗೆ ಬಂದದ್ದು ನಮಗೇನು’ ಎನ್ನುವವರು ಈ ಎರಡು ದಿನಗಳ ಅಂತರವನ್ನು ನೆನಪಿಡಬೇಕು. ಬಂಗಾಳ ಕೊಲ್ಲಿಯದು ಆಂಧ್ರ, ಒಡಿಶಾ ಕಡೆ ತಿರುಗಿದರೆ ನಮಗೆ ಅಪಾಯ ಬಹಳ ಕಡಿಮೆ. ಅರಬ್ಬಿಯದು ಒಮಾನ್ ಕಡೆ ವಾಯವ್ಯಕ್ಕೆ ಹೊರಟರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಬಿಸಿಲು ಮರಳುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಹಾಗೆ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಏರಿದರೆ ಘಟ್ಟದ ಅಂಚೆಲ್ಲ ತೊಯ್ದುಹೋಗುತ್ತದೆ. ಇನ್ನು ದೂರದಲ್ಲೇ ಬಲಿತು ನಿಂತರೆ ತೇವವನ್ನೆಲ್ಲ ತನ್ನೆಡೆಗೆ ಎಳೆದುಕೊಳ್ಳುವುದೂ ಉಂಟು. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಸಮುದ್ರದಲ್ಲಿದ್ದಾಗ ಮುಂಗಾರು ಕೇರಳ ಮುಟ್ಟಿದ್ದು 8ನೇ ತಾರೀಕು, ವಾಡಿಕೆಗಿಂತ ಒಂದು ವಾರ ತಡವಾಗಿ.

ಕೊರತೆ ಭಾಷೆಯದು. ಇಡೀ ಬುಲೆಟಿನ್ ಹವಾಮಾನ ತಜ್ಞರಿಗೆ ಬರೆದ ಇಂಗ್ಲಿಷ್. ಮೋಡದ ಸಾಂದ್ರತೆ, ಗಾಳಿಯ ಸೀಳು, ಎಂಜೆಒ ಹಂತ ಎಂದು ಸಾಲು ಸಾಲು. ಬೆಳೆಗಾರರಿಗೆ ಅದರಲ್ಲಿ ಬೇಕಾದದ್ದು ಮೂರೇ ಸಂಗತಿ: ಈಗ ಎಲ್ಲಿದೆ, ಯಾವ ದಿಕ್ಕಿಗೆ, ಯಾವ ಮೆಟ್ಟಿಲಲ್ಲಿ. ಒಂದು ಪುಟದ ಕನ್ನಡ ಆವೃತ್ತಿ ಬಂದರೆ ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಎಷ್ಟೋ ಚೀಲ ಕಾಫಿ ಉಳಿಯುತ್ತದೆ.

ಎರಡನೆಯದು ವಿಂಡಿ, ಗಾಳಿ-ಮಳೆಯ ಮುನ್ಸೂಚನೆಯನ್ನು ನಕ್ಷೆಯ ಮೇಲೆ ತೋರಿಸುವ ಆ್ಯಪ್. ಬುಲೆಟಿನ್ ಮಾತಿನಲ್ಲಿ ಹೇಳಿದ್ದನ್ನು ಇದು ಕಣ್ಣಿಗೆ ಕಾಣಿಸುತ್ತದೆ, ಆದರೆ ಸರಿಯಾಗಿ ಇಟ್ಟುಕೊಳ್ಳಬೇಕು. ನೆಲಮಟ್ಟದ ಗಾಳಿ ನಮ್ಮ ಬೆಟ್ಟಗಳ ನಡುವೆ ಏನನ್ನೂ ಹೇಳದು. ಎತ್ತರವನ್ನು 850 ಎಚ್‌ಪಿಎಗೆ (ಗಾಳಿಯ ಒತ್ತಡದ ಅಳತೆ), ಅಂದರೆ ಸುಮಾರು 1,500 ಮೀಟರಿಗೆ ಬದಲಿಸಿ. ಮಂಗಳೂರಿನ ಮೇಲೆ ಗಾಳಿ ಕಡಲಿನಿಂದ ಒಳಕ್ಕೆ ನುಗ್ಗುತ್ತಿದ್ದರೆ ಸಕಲೇಶಪುರ, ಕೊಟ್ಟಿಗೆಹಾರದ ಕಡೆಯವರು ಎಚ್ಚರವಾಗಬೇಕು. ಪೂರ್ವದಿಂದ ತೇವ ಹೊತ್ತು ಬರುತ್ತಿದ್ದರೆ ಚನ್ನರಾಯಪಟ್ಟಣ, ಅರಸೀಕೆರೆ, ಕಡೂರಿನವರು. ನಂತರ ಯುರೋಪಿನ ಇಸಿಎಂಡಬ್ಲ್ಯುಎಫ್ ಮತ್ತು ಅಮೆರಿಕದ ಜಿಎಫ್‌ಎಸ್ ಎಂಬ ಎರಡೂ ಮುನ್ಸೂಚನೆ ಮಾದರಿಗಳನ್ನು ಹಾಕಿ ನೋಡಿ. ಎರಡೂ ಒಂದೇ ದಾರಿ ತೋರಿಸಿದರೆ ನಂಬಿಕೆ ಹೆಚ್ಚು; ಒಂದು ಚೆನ್ನೈಗೆ, ಇನ್ನೊಂದು ವಿಶಾಖಪಟ್ಟಣಕ್ಕೆ ಎಂದರೆ ಇನ್ನೊಂದು ದಿನ ಕಾಯಿರಿ.

ನಿಮ್ಮ ತೋಟದ ಮೇಲೆ ಬೆರಳಿಟ್ಟಾಗ ಬರುವ ಮಿಲಿಮೀಟರ್ ಅಂಕಿಗೆ ಮಾತ್ರ ಜೋತುಬೀಳಬೇಡಿ. ಇಸಿಎಂಡಬ್ಲ್ಯುಎಫ್‌ನ ಒಂದು ಚೌಕವೇ ಸುಮಾರು 9 ಕಿ.ಮೀ.; ಚಾರ್ಮಾಡಿಯ ಕಡಿದಾದ ಅಂಚು ಅದರಲ್ಲಿ ಸವೆದು ನುಣ್ಣಗಾಗಿರುತ್ತದೆ. ಅಂಕಿಯನ್ನು ನಮ್ಮ ಲೆಕ್ಕಕ್ಕೆ ತರುವುದಾದರೆ 25.4 ಮಿ.ಮೀ. ಎಂದರೆ ಒಂದು ಇಂಚು, ನೂರು ಸೆಂಟ್, 10 ಮಿ.ಮೀ. ಹತ್ತಿರ ಹತ್ತಿರ 40 ಸೆಂಟ್. ಇನ್ನೊಂದು ಎಚ್ಚರಿಕೆ: ಅಮೆರಿಕದ ಜಂಟಿ ಚಂಡಮಾರುತ ಕೇಂದ್ರ ಒಂದು ನಿಮಿಷದ ಸರಾಸರಿ ಗಾಳಿ ಹೇಳುತ್ತದೆ, ನಮ್ಮ ಇಲಾಖೆ ಮೂರು ನಿಮಿಷದ್ದು. ಅಲ್ಲಿನ ಅಂಕಿ ದೊಡ್ಡದಾಗಿ ಕಂಡರೆ ಗಾಬರಿ ಬೇಡ.

ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಕಡಲ ಸ್ಥಿತಿ ಮುನ್ಸೂಚನೆ ಅಲೆ, ಉಬ್ಬಲೆ (ದೂರದಿಂದ ಸಾಗಿಬರುವ ಅಲೆ), ಸಮುದ್ರ ಪ್ರವಾಹಗಳದ್ದು. ಕಾಫಿ ಕಣಕ್ಕೆ ಅದರಿಂದ ಉಪಯೋಗವಿಲ್ಲ. ಆದರೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಘಟ್ಟ ಇಳಿದು ಮಲ್ಪೆ, ಕಾಪುಗೆ ಹೋಗುವವರು ತಪ್ಪದೆ ನೋಡಬೇಕು. ದಕ್ಷಿಣದ ದೂರದ ಮಹಾಸಾಗರದಲ್ಲಿ ಎದ್ದ ಉಬ್ಬಲೆ ಇಲ್ಲಿ ಗಾಳಿಯೇ ಇಲ್ಲದ ನಿರಭ್ರ ದಿನದಲ್ಲೂ ದಡಕ್ಕೆ ನುಗ್ಗುತ್ತದೆ. ಅಲ್ಲಿ ಬರೆದ ಅಲೆಯ ಎತ್ತರ ಅತಿ ಎತ್ತರದ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ಎರಡು ಮೀಟರ್ ಎಂದಿದ್ದರೆ ನಡುನಡುವೆ ಅದರ ಇಮ್ಮಡಿಯ ಸಮೀಪದ ಅಲೆಯೂ ಏಳಬಹುದು.

ಅಂಕ ಕೊಡುವುದಾದರೆ ನವೆಂಬರ್, ಡಿಸೆಂಬರ್‌ಗೆ ಔಟ್‌ಲುಕ್‌ಗೆ ಐದರಲ್ಲಿ ನಾಲ್ಕು, ಭಾಷೆಗಾಗಿ ಒಂದು ಕಡಿತ. ವಿಂಡಿಗೆ ಮೂರೂವರೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಔಟ್‌ಲುಕ್‌ಗೆ ಒಂದೇ ಅಂಕ, ಏಕೆಂದರೆ ಆಗ ಕಡಲು ಬಹುತೇಕ ಸುಮ್ಮನಿರುತ್ತದೆ, ಮಳೆ ಬರುವುದು ಮಧ್ಯಾಹ್ನದ ಬಿಸಿಲಿಗೆ ಇಲ್ಲೇ ಏಳುವ ಗುಡುಗು ಮೋಡದಿಂದ. ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವುದೋ ಕಾಯುವುದೋ ಎಂಬುದನ್ನು ಕಡಲ ಬುಲೆಟಿನ್ ನೋಡಿ ತೀರ್ಮಾನಿಸಬಾರದು. ಅದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ನಿಮ್ಮ ಪಂಚಾಯಿತಿಯ ಹೆಸರು ಹೇಳಿ ಕೇಳುವುದು ಮೇಲು.