ಚಿನ್ನದ ಸಾಲ, ಪರ್ಸನಲ್ ಲೋನ್, ಎಫ್‌ಡಿ ಮೇಲಿನ ಓಡಿ: ಮೂರನ್ನೂ ತಗೊಂಡು ನೋಡಿದವನ ಲೆಕ್ಕ

ನಾನು ಓಡಿ ಕಡೆಯವನು, ಮೊದಲೇ ಹೇಳಿಬಿಡ್ತೇನೆ. ಓಡಿ ಅಂದ್ರೆ ಇಲ್ಲಿ ಎಫ್‌ಡಿ (ಬ್ಯಾಂಕಿನ ಮುದ್ದತ್ತು ಠೇವಣಿ) ಅಡ ಇಟ್ಟು, ಬೇಕಾದಾಗ ಬೇಕಾದಷ್ಟೇ ತೆಗೆಯೋ ಓವರ್‌ಡ್ರಾಫ್ಟು. ಅಂಗಡಿಯವರಿಗೆ ಸ್ಟಾಕ್ ನೋಡಿ ಕೊಡೋದು, ಸಂಬಳದವರಿಗೆ ಕೊಡೋದು ಬೇರೆ, ಅದರ ಬಡ್ಡಿನೂ ಬೇರೆ, ಅವನ್ನ ನಾನು ತಗೊಂಡಿಲ್ಲ.

ನಮ್ಮದು ಶಿರಸಿ ಹತ್ರ ಎರಡು ಎಕರೆ ಅಡಿಕೆ ತೋಟ. ಮೇ ಕೊನೆಯಿಂದ ದುಡ್ಡು ಹೋಗ್ಲಿಕ್ಕೆ ಶುರು, ಕೊಳೆ ರೋಗದ ಮದ್ದಿಗೆ ಮೈಲುತುತ್ತ, ಸುಣ್ಣ, ಮರ ಹತ್ತಿ ಮದ್ದು ಹೊಡೆಯೋ ಕೊನೆಗೌಡನ ಕೂಲಿ, ಆಮೇಲೆ 40-45 ದಿನ ಬಿಟ್ಟು ಎರಡನೇ ಸುತ್ತು ಮದ್ದು, ನಡುವೆ ಮಕ್ಕಳ ಫೀಸು. ಚಾಲಿ (ಒಣಗಿಸಿ ಸುಲಿದ ಅಡಿಕೆ) ಅಟ್ಟದ ಮೇಲೆ ಚೀಲದಲ್ಲಿ ಇರ್ತದೆ, ಆದ್ರೆ ಕೈಯಲ್ಲಿ ದುಡ್ಡಿಲ್ಲ ಅಂತ ಅವಾಗ್ಲೇ ಸಿಕ್ಕಿದ ದರಕ್ಕೆ ಕೊಡ್ಲಿಕ್ಕೆ ಮನಸ್ಸು ಬರೂದಿಲ್ಲ. ಸೊಸೈಟಿ ಬೆಳೆಸಾಲ ಬಡ್ಡಿ ಇಲ್ದೆ ಸಿಗ್ತದೆ, ವಾಯಿದೆ ಒಳಗೆ ಕಟ್ಟಿದ್ರೆ ಅದಕ್ಕಿಂತ ಒಳ್ಳೇದು ಯಾವ್ದೂ ಇಲ್ಲ, ಎಲ್ಲರೂ ತಗೊಳ್ತೇವೆ. ಅದು ಸಾಲದೇ ಹೋದಾಗ ಎಂತ ಮಾಡೋದು ಅನ್ನೋದೇ ನನ್ನ ಪ್ರಶ್ನೆ ಆಗಿತ್ತು.

ಮೊದಲು ಚಿನ್ನ ಇಟ್ಟೆ. ಒಂದು ಗಂಟೇಲಿ ಕೆಲಸ ಆಯ್ತು, ಬ್ಯಾಂಕಿನ ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕಿ ನೋಡಿ, ಆಯಿಯ ಹವಳದ ಸರದಲ್ಲಿ ಹವಳದ ತೂಕ ಕಳೆದು, ಉಳಿದ ಬಂಗಾರಕ್ಕೆ ಇಷ್ಟು ಅಂತ ಬರೆದರು. ಶೇ 9ರ ಬಡ್ಡಿ, ದೂರೋ ಹಾಗಿಲ್ಲ. ಆದ್ರೆ ಒಂದೂವರೆ ಲಕ್ಷ ಒಂದೇ ಸಲ ಅಕೌಂಟಿಗೆ ಬಂತು, ನಂಗೆ ಅವಾಗ ಬೇಕಾಗಿದ್ದು 60 ಸಾವಿರ, ಮಿಕ್ಕ 90 ಸಾವಿರ ಎಸ್‌ಬಿ ಅಕೌಂಟಲ್ಲಿ ಸುಮ್ನೆ ಕೂತಿತ್ತು, ಅದಕ್ಕೂ ತಿಂಗಳಿಗೆ 675 ರೂಪಾಯಿ ಬಡ್ಡಿ ಓಡ್ತಾ ಇತ್ತು. ಅದಕ್ಕಿಂತ ಬೇಜಾರಾಗಿದ್ದು ಆಯಿ ಮಾತು. "ತಂಗಿ ಮಗಳ ಮದ್ವೆಗೆ ಎಂತ ಹಾಕ್ಯಂಡು ಹೋಗ್ಲೋ?" ಅಂತ ಒಂದೇ ಸಲ ಕೇಳಿದ್ರು, ಮತ್ತೆ ಆ ಸುದ್ದಿ ಎತ್ತಲಿಲ್ಲ. ಮನೆ ಹೆಂಗಸರ ಬಂಗಾರ ಆಮೇಲೆ ನಾನು ಮುಟ್ಟಲಿಲ್ಲ.

ಪರ್ಸನಲ್ ಲೋನಿನ ವಿಷಯ ಬೇಗ ಮುಗಿಸ್ತೇನೆ. 2 ಲಕ್ಷಕ್ಕೆ ಶೇ 13, ಎರಡು ವರ್ಷ, ತಿಂಗಳಿಗೆ 9,508 ರೂಪಾಯಿ ಕಂತು, ಬರೀ ಬಡ್ಡಿನೇ 28 ಸಾವಿರದ ಮೇಲೆ. ಅಡಿಕೆಯವರಿಗೆ ತಿಂಗಳು ತಿಂಗಳು ಆದಾಯ ಎಲ್ಲಿಂದ ಬರ್ಬೇಕು? ಪ್ರತಿ 5ನೇ ತಾರೀಖು ಬಂತು ಅಂದ್ರೆ ಎದೆ ಹೊಡ್ಕೊಳ್ತಿತ್ತು. ಸಂಬಳ ಇದ್ದವರಿಗೆ ಆಗಬಹುದು, ನಮಗಲ್ಲ.

ಓಡಿ ಹೀಗೆ: ಅಪ್ಪಯ್ಯ ಮತ್ತು ನನ್ನ ಜಂಟಿ ಹೆಸರಲ್ಲಿ 4 ಲಕ್ಷದ ಎಫ್‌ಡಿ ಇತ್ತು, ಬಡ್ಡಿ ಶೇ 7. ಅದರ ಶೇ 90ರಷ್ಟು, ಅಂದ್ರೆ 3.6 ಲಕ್ಷ ಲಿಮಿಟ್ ಕೊಟ್ಟರು, ಓಡಿಗೆ ಬಡ್ಡಿ ಶೇ 8. ಎಫ್‌ಡಿ ತನ್ನ ಬಡ್ಡಿ ದುಡೀತಾನೇ ಇರ್ತದೆ (ಅದಕ್ಕೆ ತೆರಿಗೆ ಲೆಕ್ಕ ಇದ್ದದ್ದೇ), ನಾವು ತೆಗೆದಷ್ಟಕ್ಕೆ, ತೆಗೆದಷ್ಟು ದಿನಕ್ಕೆ ಮಾತ್ರ ಬಡ್ಡಿ. ಮೊದಲ ವರ್ಷ ಮೇ ಕೊನೆಗೆ 60 ಸಾವಿರ, ಜುಲೈ ಮಧ್ಯದಲ್ಲಿ 40 ಸಾವಿರ ತೆಗೆದೆ, ಅಕ್ಟೋಬರ್ ಕೊನೆಗೆ ಚಾಲಿ ಕೊಟ್ಟು ಪೂರ್ತಿ ತುಂಬಿದೆ. ಎಲ್ಲಾ ಸೇರಿ ಬಡ್ಡಿ ಮೂರು ಸಾವಿರದ ಹತ್ತಿರ. ಕಂತಿಲ್ಲ, ಬಂಗಾರ ಮನೇಲೇ ಇದೆ.

ಹಾಗಂತ ಎಡವಿದ್ದೂ ಇಲ್ಲೇ, ಅದನ್ನ ಬಿಡಿಸಿ ಹೇಳ್ಬೇಕು.

ಎರಡನೇ ವರ್ಷ ಮೇ 30ಕ್ಕೆ ಎಫ್‌ಡಿ ಅವಧಿ ಮುಗೀತು. ಆಟೋ ರಿನ್ಯೂವಲ್ ಹಾಕಿದ್ದೆ, ಎಫ್‌ಡಿ ತಾನಾಗೇ ಮುಂದುವರೀತು, ನಾನು ನಿಶ್ಚಿಂತೆಯಾಗಿ ಮೈಲುತುತ್ತದ ಅಂಗಡಿಯವರಿಗೆ ಚೆಕ್ ಬರೆದು ಕೊಟ್ಟೆ. ಆದ್ರೆ ಓಡಿ ಲಿಮಿಟ್ ಅದೇ ದಿನಕ್ಕೆ ಸೊನ್ನೆ ಆಗಿತ್ತಂತೆ, ಅದನ್ನ ಬೇರೆ ಅರ್ಜಿ ಕೊಟ್ಟು ಹೊಸತು ಮಾಡಿಸ್ಕೊಳ್ಬೇಕಂತೆ. ಯಾರೂ ಹೇಳಲಿಲ್ಲ, ಒಂದು ಮೆಸೇಜೂ ಬರಲಿಲ್ಲ. ಚೆಕ್ ವಾಪಸ್, ದಂಡ 590 ರೂಪಾಯಿ. ಅಂಗಡಿಯವರು ಎಷ್ಟೋ ವರ್ಷದ ಪರಿಚಯ, ಒಂದು ಮಾತೂ ಆಡಲಿಲ್ಲ. ಬೇರೆಯವರಾಗಿದ್ರೆ ಚೆಕ್ ಬೌನ್ಸ್ ಕೇಸಿನ 138ನೇ ಸೆಕ್ಷನ್ ನೋಟಿಸೇ ಬರ್ತಿತ್ತೇನೋ.

ಹೊಸತು ಮಾಡ್ಲಿಕ್ಕೆ ಹೋದ್ರೆ ಇಬ್ಬರ ಸಹಿನೂ ಬೇಕು ಅಂದರು. "ಐದರ್ ಆರ್ ಸರ್ವೈವರ್ ಅಂತ ಇದೆಯಲ್ಲ ಸಾರ್" ಅಂದೆ, ಅಂದ್ರೆ ಇಬ್ಬರಲ್ಲಿ ಯಾರಾದ್ರೂ ಒಬ್ಬರು, ಇಲ್ಲಾ ಉಳಿದವರು ನಡೆಸಬಹುದು ಅಂತ. ಅದು ಅವಧಿ ಮುಗಿದ ಮೇಲೆ ದುಡ್ಡು ತಗೊಳ್ಳೋಕೆ ಮಾತ್ರ, ಸಾಲಕ್ಕೆ ಹೆಸರಿದ್ದವರೆಲ್ಲ ಸಹಿ ಹಾಕ್ಬೇಕು ಅಂದರು. ಮಾತು ಸರಿನೇ. ಆದ್ರೆ ಅಪ್ಪಯ್ಯಂಗೆ 78, ಕೈ ನಡುಗ್ತದೆ. ಫಾರ್ಮ್ ಮನೆಗೆ ತಂದು ಸಹಿ ಹಾಕಿಸಿ ಕೊಟ್ಟೆ, ಹೊಂದಾಣಿಕೆ ಆಗೂದಿಲ್ಲ ಅಂತ ವಾಪಸ್ ಬಂತು. ಆ ರಾತ್ರಿ ಅಪ್ಪಯ್ಯ ಹಳೇ ಅಡಿಕೆ ಪಟ್ಟಿಯ ಹಿಂಬದಿಗೆ ತಮ್ಮ ಸಹಿ ಬರೆದು ಬರೆದು ನೋಡ್ತಾ ಕೂತಿದ್ದರು, ಎಡಗೈಲಿ ಬಲಗೈ ಮಣಿಕಟ್ಟು ಒತ್ತಿ ಹಿಡ್ಕೊಂಡು. ಕೊನೆ ಅಕ್ಷರದ ಬಾಲ ಮಾತ್ರ ಪ್ರತಿ ಸಲ ಕೆಳಗೆ ಜಾರ್ತಿತ್ತು. ಅದನ್ನ ನೋಡಿ ನಂಗೆ ಹೊಟ್ಟೆಯೊಳಗೆ ಸಂಕಟ ಆಯ್ತು. ಕೊನೆಗೆ ಮಳೆಯಲ್ಲೇ ಅವರನ್ನ ಕರ್ಕೊಂಡು ಹೋಗಿ, ಹೊಸ ಮಾದರಿ ಸಹಿ ಕೊಡಿಸಿ, ಲಿಮಿಟ್ ಬರೋ ಹೊತ್ತಿಗೆ ಜೂನ್ 14. ಅಷ್ಟ್ರೊಳಗೆ ಮಳೆ ಹಿಡಿದಿತ್ತು, ಮೊದಲ ಸುತ್ತು ಮದ್ದು ತಡ ಆಯ್ತು, ಆ ವರ್ಷ ಕೊಳೆ ಸ್ವಲ್ಪ ಜಾಸ್ತಿನೇ ಕಂಡಿತು.

ಇಷ್ಟಾದ್ರೂ ನಾನು ಓಡಿ ಬಿಡಲಿಲ್ಲ, ವ್ಯವಸ್ಥೆ ಬದಲಾಯಿಸಿದೆ. ಅಪ್ಪಯ್ಯನ ಒಪ್ಪಿಗೆ ತಗೊಂಡು ಓಡಿಗೆ ಅಂತಲೇ ನನ್ನೊಬ್ಬನ ಹೆಸರಲ್ಲಿ ಬೇರೆ ಎಫ್‌ಡಿ ಮಾಡಿದೆ, ಅಪ್ಪಯ್ಯ ನಾಮಿನಿ, ಮೂರು ವರ್ಷಕ್ಕೆ, ಮಾರ್ಚಿಗೆ ಮುಗಿಯೋ ಹಾಗೆ. ಅವಾಗ ಕೊಯ್ಲು ಮುಗಿದಿರ್ತದೆ, ಬ್ಯಾಂಕಿಗೆ ಓಡಾಡ್ಲಿಕ್ಕೆ ಪುರಸೊತ್ತು ಇರ್ತದೆ. ಲಿಮಿಟ್ ಪೂರ್ತಿ ಎಂದೂ ತೆಗೆಯೂದಿಲ್ಲ, ಯಾಕಂದ್ರೆ ತಿಂಗಳ ಕೊನೆಗೆ ಬಡ್ಡಿ ಅಲ್ಲೇ ಖರ್ಚು ಬೀಳ್ತದೆ, ಲಿಮಿಟ್ ದಾಟಿ ಹೋಗ್ತದೆ. ತೆರಿಗೆ ಉಳಿಸೋ ಐದು ವರ್ಷದ ಎಫ್‌ಡಿ ಮೇಲೆ ಓಡಿ ಸಿಗೂದಿಲ್ಲ, ಅದನ್ನ ನಂಬ್ಕೊಂಡು ಕೂರಬೇಡಿ.

ಎಫ್‌ಡಿ ಇಲ್ಲದವರಿಗೆ ನನ್ನ ಮಾತು ಉಪಯೋಗಕ್ಕೆ ಬರೂದಿಲ್ಲ, ಅವರಿಗೆ ಚಿನ್ನದ ಸಾಲವೇ ದಾರಿ, ಬೇಕಾದಷ್ಟೇ ತಗೊಳ್ಳಿ. ಕೈಗೆ ಸಿಕ್ಕಿದ ಲಿಮಿಟನ್ನ ಟಿವಿ, ಬೈಕು ಅಂತ ಮುಗಿಸೋ ಅಭ್ಯಾಸ ಇದ್ದವರಿಗೆ ಓಡಿ ಬೇಡ, ತುಂಬಿ ಅಂತ ತಿಂಗಳು ತಿಂಗಳು ಕೇಳೋರು ಯಾರೂ ಇರೂದಿಲ್ಲ. ನಾನು ಓಡಿ ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ ಪೆನ್ನಲ್ಲಿ ಬರೆದಿಟ್ಟಿದ್ದೇನೆ: ಮದ್ದು, ಕೂಲಿ, ಫೀಸು. ಈ ಸಲ ಮೇ 22ಕ್ಕೆ 55 ಸಾವಿರ ತೆಗೆದಿದ್ದೇನೆ, ಚಾಲಿ ಇನ್ನೂ ಅಟ್ಟದ ಮೇಲೇ ಇದೆ.