‘ಮೊದಲು ಯಾರ ಹತ್ತಿರ ಹೋಗಬೇಕು?’: ಎರಡು ಮಳೆಗಾಲ ಬಳಸಿದ ನರ್ಸಿಂಗ್ ಪರೀಕ್ಷಾ ಆ್ಯಪ್

ಏಮ್ಸ್ ನರ್ಸಿಂಗ್ ಆಫೀಸರ್ ನೇಮಕಕ್ಕೆ ನಡೆಸುವ ನಾರ್ಸೆಟ್‌ಗೂ ಆಗುತ್ತದೆ, ಅಮೆರಿಕದಲ್ಲಿ ನರ್ಸ್ ಆಗಲು ಬರೆಯುವ ಎನ್‌ಕ್ಲೆಕ್ಸ್‌ಗೂ ಆಗುತ್ತದೆ ಎಂದು ಮಾರುವ ಪ್ರಶ್ನೆಭಂಡಾರದ ಆ್ಯಪ್ ಇದು. ಹೆಸರು ಬರೆಯುತ್ತಿಲ್ಲ, ಇದೇ ಅಚ್ಚಿನವು ಹಲವು ಇವೆ. ಶಿರಸಿಯಲ್ಲಿ ಎರಡು ಮಳೆಗಾಲ, ದಿನಕ್ಕೆ ನಲವತ್ತು ಐವತ್ತು ಪ್ರಶ್ನೆಯಂತೆ ಬಳಸಿದ ಮೇಲಿನ ಅಭಿಪ್ರಾಯ: ಆದ್ಯತೆಯ ಪ್ರಶ್ನೆಗಳಿಗೆ ಒಳ್ಳೆಯ ಗರಡಿ, ರೋಗಿಯ ತಪಾಸಣೆ ಕಲಿಯಲು ಸಾಲದು. ‘ಮೊದಲು ತಪಾಸಣೆ, ಆಮೇಲೆ ಕ್ರಿಯೆ’ ಎಂಬ ಸೂತ್ರವನ್ನು ಎಲ್ಲ ಕಡೆ ಕಣ್ಣುಮುಚ್ಚಿ ಹಾಕಿರುವುದರಿಂದ ಕೆಲವು ಉತ್ತರಗಳು ತಪ್ಪೇ ಆಗಿವೆ.

ಚೆನ್ನಾಗಿರುವುದನ್ನು ಮೊದಲು ಹೇಳಬೇಕು. ನಾಲ್ಕು ರೋಗಿಗಳನ್ನು ಕೊಟ್ಟು ಒಬ್ಬರನ್ನು ಆರಿಸಿ ಎನ್ನುವ ಪ್ರಶ್ನೆಗಳು ಇದರ ಜೀವ. ಒಂದು ಮಾದರಿ: ಆಪರೇಷನ್ ಆಗಿ ಎರಡನೇ ದಿನ ನೋವು ಹತ್ತಕ್ಕೆ ಏಳು ಇರುವವರು, ಶುಗರ್ 62ಕ್ಕೆ ಇಳಿದು ಕೈ ನಡುಗುತ್ತಿರುವ, ಆದರೆ ಮಾತಾಡುತ್ತಿರುವ ಮಧುಮೇಹಿ, ಆಕ್ಸಿಜನ್ ಪ್ರಮಾಣ 90 ಇರುವ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿ, ಥೈರಾಯ್ಡ್ ಆಪರೇಷನ್ ಆಗಿ ಆರು ತಾಸಿನ ಬಳಿಕ ಉಸಿರೆಳೆಯುವಾಗ ಕೀರಲು ಸದ್ದು ಬರುತ್ತಿರುವವರು. ಉತ್ತರ ಕೊನೆಯವರು. ಕತ್ತಿನೊಳಗೆ ರಕ್ತ ಕಟ್ಟಿಕೊಂಡರೂ, ಗಂಟಲು ಬಾತರೂ ಶ್ವಾಸನಾಳ ಮುಚ್ಚಲು ಹೆಚ್ಚು ಹೊತ್ತು ಬೇಡ. 90 ಎಂಬ ಅಂಕಿ ನೋಡಿ ಸಿಒಪಿಡಿ ರೋಗಿಯತ್ತ ಓಡುವವರೇ ಹೆಚ್ಚು. ಆದರೆ ಅಂಥವರಿಗೆ ಇಟ್ಟುಕೊಳ್ಳುವ ಗುರಿಯೇ 88ರಿಂದ 92. ಎರಡನೆಯ ಸರದಿ ಮಧುಮೇಹಿಯದು: 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷಕ್ಕೆ ಮತ್ತೆ ಶುಗರ್ ನೋಡಬೇಕು. ಉಳಿದ ಮೂವರು ಯಾಕೆ ಕಾಯಬಹುದು ಎಂದು ಒಬ್ಬೊಬ್ಬರಿಗೂ ಕಾರಣ ಕೊಟ್ಟಿದ್ದಾರೆ. ಕೊಟ್ಟ ದುಡ್ಡಿಗೆ ಅಷ್ಟು ಸಾಕು. ಸರಿಯುತ್ತರ ಬಂದ ಪ್ರಶ್ನೆಯ ವಿವರಣೆಯನ್ನೂ ಬಿಡದೆ ಓದಿ.

ಇನ್ನು ತಪ್ಪುಗಳು. ರಕ್ತ ಹಾಕಲು ಶುರುಮಾಡಿ ಹತ್ತು ನಿಮಿಷ, ರೋಗಿಗೆ ಚಳಿ, ಸೊಂಟನೋವು. ಮೊದಲು ಏನು ಮಾಡುವಿರಿ? ಆ್ಯಪ್ ‘ಬಿಪಿ, ಜ್ವರ ನೋಡಿ’ ಎಂಬುದಕ್ಕೆ ಹಸಿರು ಗುರುತು ಹಾಕುತ್ತದೆ. ಇದು ಸರಿಯಲ್ಲ. ಮೊದಲು ರಕ್ತ ನಿಲ್ಲಿಸಬೇಕು. ಆಮೇಲೆ ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್. ಹಳೇ ಸೆಟ್‌ನಲ್ಲೇ ಸಲೈನ್ ಬಿಟ್ಟರೆ ಕೊಳವೆಯಲ್ಲಿ ಉಳಿದ ರಕ್ತವೂ ಒಳಗೆ ಹೋಗುತ್ತದೆ. ಬಿಪಿ ಆಮೇಲೆ.

ಹೆರಿಗೆ ವಾರ್ಡಿನ ಪ್ರಶ್ನೆಯಲ್ಲೂ ಇದೇ ಎಡವಟ್ಟು. ಹದಿನೈದು ನಿಮಿಷಕ್ಕೆ ಪ್ಯಾಡ್ ಪೂರ್ತಿ ನೆನೆದಿದೆ, ಗರ್ಭಕೋಶ ಮೆತ್ತಗಿದೆ ಎಂದು ಪ್ರಶ್ನೆಯೇ ಹೇಳಿದ ಮೇಲೆ ಇನ್ನು ಏನು ತಪಾಸಣೆ? ಗರ್ಭಕೋಶವನ್ನು ಉಜ್ಜಿ ಗಟ್ಟಿ ಮಾಡಬೇಕು. ಬಸಿರಿನಲ್ಲಿ ರಕ್ತದ ಪ್ರಮಾಣ ಹೆಚ್ಚಿರುವುದರಿಂದ ಬಾಣಂತಿಯ ಬಿಪಿ ಬಹಳ ರಕ್ತ ಹೋಗುವ ತನಕ ತಡೆದುಕೊಂಡಿರುತ್ತದೆ. ನಾಡಿ ಮೊದಲು ಏರುತ್ತದೆ. ಬಿಪಿ ಇಳಿಯಲಿ ಎಂದು ಕಾದರೆ ತಡವಾಯಿತೆಂದೇ ಲೆಕ್ಕ. ಅದೇ ಗರ್ಭಕೋಶ ಹೊಕ್ಕುಳಿಗಿಂತ ಮೇಲೆ, ಬಲಕ್ಕೆ ಸರಿದಿದ್ದರೆ ಮೂತ್ರಕೋಶ ತುಂಬಿದೆ, ಅದನ್ನು ಖಾಲಿ ಮಾಡಿಸಬೇಕು. ಗಟ್ಟಿಯಾಗಿದ್ದೂ ರಕ್ತ ಹರಿಯುತ್ತಿದ್ದರೆ ಎಲ್ಲೋ ಹರಿದಿದೆ ಎಂದು ಹುಡುಕಬೇಕು. ಈ ಮೂರನ್ನು ಬೇರ್ಪಡಿಸುವ ಒಂದು ಪ್ರಶ್ನೆಯೂ ಆ್ಯಪ್‌ನಲ್ಲಿಲ್ಲ, ಇದು ದೊಡ್ಡ ಕೊರತೆ.

ಹಾಗಾಗಿ ಉತ್ತರ ಒತ್ತುವ ಮುಂಚೆ ಒಂದೇ ಕೇಳಿಕೊಳ್ಳಿ: ಅಪಾಯವನ್ನು ಗುರುತಿಸುವಷ್ಟು ಮಾಹಿತಿ ಪ್ರಶ್ನೆಯಲ್ಲೇ ಇದೆಯೇ? ಇದ್ದರೆ ಕ್ರಿಯೆ. ‘ವಯಸ್ಸಾದವರೊಬ್ಬರು ರಾತ್ರಿ ದಿಢೀರನೆ ಗಲಿಬಿಲಿಗೊಂಡಿದ್ದಾರೆ’ ಎಂದಷ್ಟೇ ಇದ್ದರೆ ತಪಾಸಣೆ: ಆಕ್ಸಿಜನ್ ಪ್ರಮಾಣ, ಶುಗರ್. ಕೈಕಾಲು ಕಟ್ಟುವ ಆಯ್ಕೆ ಇದ್ದೇ ಇರುತ್ತದೆ, ಅದನ್ನು ಮುಟ್ಟಬೇಡಿ.

ಬಹುಪಾಲು ಪ್ರಶ್ನೆಗಳು ಅಮೆರಿಕದ ಪಠ್ಯದಿಂದ ಇಳಿದವು. ಬಸಿರಿನಲ್ಲಿ ಬಿಪಿ ಏರಿ ಬರುವ ಸೆಳವಿಗೆ ಮೆಗ್ನೀಷಿಯಂ ಸಲ್ಫೇಟ್ ಕೊಡುವಾಗ ಉಸಿರಾಟ ನಿಮಿಷಕ್ಕೆ 12ಕ್ಕಿಂತ ಇಳಿದರೆ ನಿಲ್ಲಿಸಿ ಎನ್ನುತ್ತದೆ ಆ್ಯಪ್. ವಿಶ್ವ ಆರೋಗ್ಯ ಸಂಸ್ಥೆಯ ಹೆರಿಗೆ ಕೈಪಿಡಿಯಲ್ಲಿ ಮುಂದಿನ ಡೋಸ್‌ಗೆ ಮೊದಲು ಕನಿಷ್ಠ 16 ಇರಬೇಕು, ಮೊಣಕಾಲಿನ ಪ್ರತಿವರ್ತನೆ ಇರಬೇಕು, ಹಿಂದಿನ ನಾಲ್ಕು ತಾಸು ಮೂತ್ರ ತಾಸಿಗೆ 30 ಎಂಎಲ್ ಆದರೂ ಆಗಿರಬೇಕು. ಪರೀಕ್ಷೆ ಯಾವುದೋ ಅದರ ಅಂಕಿ ಹಿಡಿಯಿರಿ. ಮದ್ದಿಗೆ ಪ್ರತಿಮದ್ದು ಎರಡೂ ಕಡೆ ಕ್ಯಾಲ್ಸಿಯಂ ಗ್ಲುಕೋನೇಟ್. ಕೆಲಸ ಹಂಚುವ ಪ್ರಶ್ನೆಗಳಲ್ಲಿ ಬರುವ ‘ಎಲ್‌ಪಿಎನ್’ (ಅಮೆರಿಕದಲ್ಲಿ ನೋಂದಾಯಿತ ನರ್ಸ್‌ಗಿಂತ ಕೆಳಗಿನ ನರ್ಸ್) ಎಂಬ ಹುದ್ದೆ ನಮ್ಮಲ್ಲಿಲ್ಲ. ನಾರ್ಸೆಟ್‌ನವರು ಆ ಭಾಗ ಬಿಟ್ಟುಬಿಡಬಹುದು, ಎನ್‌ಕ್ಲೆಕ್ಸ್‌ನವರು ಬಿಡುವಂತಿಲ್ಲ.

ನಮ್ಮ ಜಿಲ್ಲೆಯ ವಾರ್ಡುಗಳಿಗೆ ಬರುವ ಕೇಸುಗಳಂತೂ ಇಲ್ಲವೇ ಇಲ್ಲ. ಹಾವಿನ ಪ್ರಶ್ನೆಯಲ್ಲಿ ಅಮೆರಿಕದ ಗಿಲಕಿ ಹಾವು. ಕೊಳಕುಮಂಡಲ ಕಚ್ಚಿದಾಗ ಮಾಡುವ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಸುದ್ದಿಯೇ ಇಲ್ಲ: ಒಣಗಿದ, ಶುದ್ಧವಾದ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ, 20 ನಿಮಿಷ ಅಲುಗಾಡಿಸದೆ ಇಟ್ಟು ಒಮ್ಮೆ ಓರೆಮಾಡಿ ನೋಡುವುದು. ಪ್ಲಾಸ್ಟಿಕ್ ಟ್ಯೂಬ್ ಆದರೆ, ಅಥವಾ ಗಾಜನ್ನು ಸೋಪಿನಲ್ಲಿ ತೊಳೆದಿದ್ದರೆ, ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಉಣುಗಿನಿಂದ ಹರಡುವ ರೋಗವೆಂದರೆ ಆ್ಯಪ್‌ಗೆ ಲೈಮ್ ಒಂದೇ. ಸಿದ್ದಾಪುರದವರಿಗೆ ಗೊತ್ತಿರುವ, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಲ್ಲ. ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದವರ ಕುತ್ತಿಗೆ ಅಲುಗಿಸದೆ ದವಡೆ ಮುಂದೆತ್ತಿ ಶ್ವಾಸದ ದಾರಿ ಬಿಡಿಸುವುದು, ಗೋಕರ್ಣ ಮುರ್ಡೇಶ್ವರದ ಕಡಲಲ್ಲಿ ಮುಳುಗಿ ಉಸಿರು ನಿಂತವರಿಗೆ ಎದೆ ಒತ್ತುವ ಮುಂಚೆ ಉಸಿರು ಕೊಡುವುದು, ಇವನ್ನು ಬೇರೆ ಕಡೆ ಓದಿಕೊಳ್ಳಬೇಕು.

ತಪಾಸಣೆಯ ವಿಡಿಯೋಗಳು ನೆನಪಿಗಷ್ಟೇ. ಹೊಟ್ಟೆಯನ್ನು ನೋಡಿ, ಆಲಿಸಿ, ತಟ್ಟಿ, ಕೊನೆಗೆ ಮುಟ್ಟಿ ಎಂಬ ಕ್ರಮ ಸರಿಯಾಗಿ ಹೇಳುತ್ತದೆ. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗುತ್ತದೆ ಎಂಬ ಕಾರಣ ಹೇಳುವುದಿಲ್ಲ. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೊ ಸ್ಕೇಲಿನಲ್ಲಿ ಕೈ ಹಿಂದಕ್ಕೆಳೆದುಕೊಳ್ಳುವ 4 ಯಾವುದು, ಅಸಹಜವಾಗಿ ಮಡಚುವ 3 ಯಾವುದು ಎಂಬುದು ಅದಕ್ಕೆ ಕೊಟ್ಟ ಸ್ಥಿರಚಿತ್ರದಲ್ಲಿ ತಿಳಿಯುವುದೇ ಇಲ್ಲ. ಅದನ್ನು ವಾರ್ಡಿನಲ್ಲೇ ಕಲಿಯಬೇಕು.

ಸೆಟ್ಟಿಂಗ್ ಎರಡು ಬದಲಿಸಿ. ನಾರ್ಸೆಟ್ ಪ್ರಿಲಿಮ್ಸ್‌ನಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ 54 ಸೆಕೆಂಡ್. ಆ್ಯಪ್‌ನಲ್ಲಿ ಸಮಯದ ಮಿತಿ ತಾನಾಗಿ ಇರುವುದಿಲ್ಲ, ನೀವೇ ಹಾಕಬೇಕು. ತಪ್ಪಿಗೆ ಮೂರನೇ ಒಂದು ಅಂಕ ಕಳೆಯುವುದನ್ನೂ ಆನ್ ಮಾಡಿ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒತ್ತಿದರೆ ಸರಾಸರಿ ಲಾಭ ಸೊನ್ನೆ. ಒಂದನ್ನು ಖಚಿತವಾಗಿ ಹೊಡೆದುಹಾಕಿದರೆ ಒಂಬತ್ತನೇ ಒಂದು ಅಂಕ ನಿಮ್ಮ ಕಡೆ. ಕನ್ನಡದಲ್ಲಿ ವಿವರಣೆ ಇಲ್ಲ.

ಆಫ್‌ಲೈನ್ ಡೌನ್‌ಲೋಡ್ ಮಾಡಿದರೆ ಪ್ರಶ್ನೆ ಮಾತ್ರ ಇಳಿಯುತ್ತದೆ, ಇಸಿಜಿ ಚಿತ್ರಗಳು ಇಳಿಯುವುದಿಲ್ಲ. ಕುಮಟಾದಿಂದ ಬಸ್ಸಿನಲ್ಲಿ ಓದುತ್ತ ಬರುವವರು ದೇವಿಮನೆ ಘಟ್ಟ ಹತ್ತುವ ಮುಂಚೆಯೇ ಒಂದೊಂದು ಚಿತ್ರವನ್ನೂ ತೆರೆದಿಟ್ಟುಕೊಳ್ಳಿ. ಆ್ಯಪ್ ಮುಚ್ಚದಿದ್ದರೆ ಅವು ಉಳಿಯುತ್ತವೆ.