ಹಳೇ ಕಾರು ಘಾಟಿಯಲ್ಲಿ ನಿಂತರೆ ಮೊದಲು ಕಾರ್ಬುರೇಟರ್ ಬಿಚ್ಚಲು ಬಿಡಬೇಡಿ

ಶಿರಾಡಿ ಘಾಟಿ ಹತ್ತುವಾಗ ಕಾರು ಜರ್ಕ್ ಹೊಡೆದು ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಚಾವಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಎರಡು ಮೂರು ಕಿಲೋಮೀಟರ್ ಹೋದರೆ ಮತ್ತೆ ಅದೇ ಕಥೆ. ಊರೊಳಗೆ ಓಡಾಡುವಾಗ ಮಾತ್ರ ಯಾವ ತೊಂದರೆಯೂ ಇಲ್ಲ. ಎಂಜಿನ್ನಿಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಇರುವ ಮಾರುತಿ 800, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡಿರುವವರಿಗೆ ಈ ಲಕ್ಷಣ ಪರಿಚಯ ಇದ್ದೇ ಇರುತ್ತದೆ. ಇದೇ ಲಕ್ಷಣ ಹೊತ್ತು ಗ್ಯಾರೇಜಿಗೆ ಹೋದ, 1990ರ ದಶಕದ ಒಂದು ಮಾರುತಿ 800ಕ್ಕೆ ಏನಾಯಿತು ಎಂದು ಹೇಳಬೇಕಾಗಿದೆ. ಇನ್ನೊಬ್ಬರ ಕಾರಿಗೆ ಹಾಗಾಗಬಾರದು.

ಗ್ಯಾರೇಜಿನಲ್ಲಿ ಮೊದಲು ಬಂದ ಮಾತು ‘ಕಾರ್ಬುರೇಟರ್ ಕ್ಲೀನ್ ಮಾಡಬೇಕು’. ಬಿಚ್ಚಿ, ಪೆಟ್ರೋಲ್ ಅಳೆದು ಬಿಡುವ ಜೆಟ್‌ಗಳ ತೂತಿಗೆ ತಂತಿ ಆಡಿಸಿ, ಕೂರಿಸಿದರು. ನಿಲ್ಲುವುದು ನಿಲ್ಲಲಿಲ್ಲ, ಜತೆಗೆ ಕಪ್ಪು ಹೊಗೆ ಶುರುವಾಯಿತು, ಮೈಲೇಜ್ ಬಿತ್ತು. ಎರಡನೇ ಸಲ ‘ಕಾರ್ಬುರೇಟರೇ ಹೋಗಿದೆ’ ಎಂದು ಯಾವ ಕಂಪನಿಯ ಗುರುತೂ ಇಲ್ಲದ ಹೊಸದೊಂದನ್ನು ಹಾಕಿದರು. ಹಳೆಯ ಅಸಲಿ ಕಾರ್ಬುರೇಟರ್ ಗ್ಯಾರೇಜಿನಲ್ಲೇ ಉಳಿಯಿತು. ಮೂರನೇ ಸಲ ಎಂಜಿನ್ ಪಕ್ಕದಲ್ಲಿ ಒಂದು ಎಲೆಕ್ಟ್ರಿಕ್ ಪಂಪ್ ಕೂರಿಸಿ, ವೈರನ್ನು ನೇರವಾಗಿ ಇಗ್ನಿಷನ್‌ಗೆ ಕೊಟ್ಟರು. ಕಾರ್ಬುರೇಟರಿಗೆ ಪೆಟ್ರೋಲ್ ಬರುವ ಬಾಯಿ ಮುಚ್ಚುವ ನೀಡಲ್ ವಾಲ್ವ್ ಆ ಪಂಪಿನ ಒತ್ತಡವನ್ನು ತಡೆಯಲಿಲ್ಲ. ಎಂಜಿನ್ ಓಡದೆ ಚಾವಿ ಮಾತ್ರ ಆನ್ ಇದ್ದಾಗ ಪೆಟ್ರೋಲ್ ಉಕ್ಕಿ ಸಿಲಿಂಡರಿಗೆ, ಅಲ್ಲಿಂದ ಕೆಳಗೆ ಆಯಿಲ್‌ಗೆ ಇಳಿಯಿತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಮೇಲಿನ ಗುರುತು ದಾಟಿತ್ತು, ಮೂಸಿದರೆ ಪೆಟ್ರೋಲ್ ವಾಸನೆ. ಅಷ್ಟು ತೆಳುವಾದ ಆಯಿಲ್‌ನಲ್ಲಿ ಇನ್ನಷ್ಟು ಓಡಿದ್ದರೆ ಬೇರಿಂಗುಗಳು ಉಳಿಯುತ್ತಿರಲಿಲ್ಲ.

ಕೊನೆಗೆ ಸಿಕ್ಕ ದೋಷ: ಟ್ಯಾಂಕಿನ ಬಳಿ, ಕಬ್ಬಿಣದ ಪೈಪಿಗೆ ಸೇರುವ ಗೇಣುದ್ದದ ರಬ್ಬರ್ ಹೋಸ್. ಕ್ಲಿಪ್ಪಿನ ಕೆಳಗೆ ಬಿರುಕು.

ಇದು ಯಾರ ಕಣ್ಣಿಗೂ ಬೀಳದಿರಲು ಕಾರಣವಿದೆ. ಈ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಎಂಜಿನ್ನಿನ ಮೇಲಿರುತ್ತದೆ, ಟ್ಯಾಂಕ್ ಹಿಂದೆ ಕೆಳಗಿರುತ್ತದೆ. ಟ್ಯಾಂಕಿನಿಂದ ಪಂಪಿನವರೆಗೆ ಪೆಟ್ರೋಲನ್ನು ಎಳೆಯಬೇಕು, ಪಂಪಿನಿಂದ ಕಾರ್ಬುರೇಟರಿಗೆ ತಳ್ಳಬೇಕು. ತಳ್ಳುವ ಕಡೆ ಹೋಸ್ ಬಿರಿದರೆ ಪೆಟ್ರೋಲ್ ಸೋರುತ್ತದೆ, ವಾಸನೆ ಬರುತ್ತದೆ, ಗೊತ್ತಾಗುತ್ತದೆ. ಎಳೆಯುವ ಕಡೆ ಬಿರಿದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಅಷ್ಟೇ. ತೊಟ್ಟು ಸೋರಿಕೆಯಿಲ್ಲ, ವಾಸನೆಯಿಲ್ಲ.

ಗ್ಯಾರೇಜಿನಲ್ಲಿ ನಿಲ್ಲಿಸಿ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ನೋಡಿದರೂ ಏನೂ ತಿಳಿಯದು. ಲೆಕ್ಕ ಹಾಕಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ಗಂಟೆಗೆ 60ರಲ್ಲಿ ಹೋದರೆ ಗಂಟೆಗೆ 4 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 67 ಮಿ.ಲೀ. ಬೇಕು. ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಅದರ ಎರಡು ಮೂರು ಪಟ್ಟು. ಐಡ್ಲಿಂಗ್‌ಗೆ ಸಾಕಾಗುವುದು ಅದರಲ್ಲೊಂದು ಸಣ್ಣ ಪಾಲು. ಅರ್ಧ ಗಾಳಿ ಎಳೆಯುವ ಪಂಪ್ ಕೂಡ ಅಷ್ಟನ್ನು ಸಲೀಸಾಗಿ ಒದಗಿಸುತ್ತದೆ. ಏರು ಬಂದಾಗ ಖರ್ಚು ಹೆಚ್ಚಾಗಿ, ಬರುವುದು ಕಡಿಮೆಯಾಗಿ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲು ಬರಿದಾಗುತ್ತದೆ. ಕಾರು ನಿಂತಾಗ ಸ್ಟಾರ್ಟರ್ ತಿರುಗಿಸಿದಷ್ಟೂ ಬಟ್ಟಲು ಸ್ವಲ್ಪ ಸ್ವಲ್ಪ ತುಂಬಿ, ಮತ್ತೆ ಸ್ಟಾರ್ಟ್ ಆಗುತ್ತದೆ.

ಹಾಗಾಗಿ ಕಾರು ನಿಂತ ಜಾಗದಲ್ಲೇ ಮಾಡಬೇಕಾದ ಪರೀಕ್ಷೆಯೊಂದಿದೆ. ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮಾರುತಿ 800ರ ಅಸಲಿ ಕಾರ್ಬುರೇಟರಿನಲ್ಲಿ ಫ್ಲೋಟ್ ಬಟ್ಟಲಿಗೆ ಒಂದು ಪುಟ್ಟ ಗಾಜು ಇರುತ್ತದೆ. ಪೆಟ್ರೋಲ್ ಮಟ್ಟ ಅದರ ನಡುವಿನ ಗುರುತಿನ ಬಳಿ ಕಾಣಬೇಕು. ಕಾರು ನಿಂತ ಕೂಡಲೇ, ಮತ್ತೆ ಸ್ಟಾರ್ಟರ್ ಹೊಡೆಯದೆ, ಅದನ್ನು ನೋಡಿ. ಗಾಜು ಖಾಲಿ ಇದ್ದರೆ ದೋಷ ಟ್ಯಾಂಕಿನಿಂದ ನೀಡಲ್ ವಾಲ್ವ್‌ವರೆಗಿನ ದಾರಿಯಲ್ಲಿದೆ, ಜೆಟ್‌ಗಳ ತಂಟೆಗೆ ಹೋಗಬೇಕಿಲ್ಲ. ಮಟ್ಟ ಸರಿಯಿದ್ದರೆ ಕಿಡಿ ಹುಟ್ಟಿಸುವ ಭಾಗಗಳಾದ ಇಗ್ನಿಷನ್ ಕಾಯಿಲ್, ಕಂಡೆನ್ಸರ್ ಕಡೆ ತಿರುಗಿ. ಬಿಸಿಯಾದ ಕಾಯಿಲ್ ಕೂಡ ಹೀಗೆಯೇ ಸತಾಯಿಸುತ್ತದೆ. ಗಾಜಿಲ್ಲದ ಕಾರ್ಬುರೇಟರ್ ಆದರೆ ಎಂಜಿನ್ ಆಫ್ ಇದ್ದಾಗ ಏರ್ ಫಿಲ್ಟರ್ ಮುಚ್ಚಳ ತೆಗೆದು, ಥ್ರಾಟಲ್ ಲಿವರನ್ನು ಕೈಯಿಂದ ಒಮ್ಮೆ ಜೋರಾಗಿ ಎಳೆಯಿರಿ. ಗಂಟಲೊಳಗೆ ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಿದರೆ ಬಟ್ಟಲಲ್ಲಿ ಪೆಟ್ರೋಲ್ ಇದೆ ಎಂದರ್ಥ.

ಬಟ್ಟಲು ಖಾಲಿಯಾದರೆ ಹುಡುಕಾಟ ಟ್ಯಾಂಕಿನ ಮುಚ್ಚಳದಿಂದ ಶುರುವಾಗಲಿ. ಮುಚ್ಚಳದ ಗಾಳಿ ದಾರಿ ಕಟ್ಟಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಪಂಪ್ ಎಳೆಯಲಾರದು. ತೆರೆದಾಗ ಸುಯ್ಯೆಂದು ಗಾಳಿ ಒಳಗೆ ನುಗ್ಗಿ, ಆಮೇಲೆ ಕಾರು ಸರಿಯಾಗಿ ಓಡಿದರೆ ಉತ್ತರ ಸಿಕ್ಕಿತು. ಕಾಲು ಟ್ಯಾಂಕಿಗಿಂತ ಕಡಿಮೆಯಾದಾಗ ಮಾತ್ರ ತೊಂದರೆ ಬರುತ್ತದೆಯೇ? ಟ್ಯಾಂಕಿನೊಳಗಿನ ಎಳೆಯುವ ಪೈಪ್ ತುಕ್ಕು ಹಿಡಿದು ನಡುವೆ ತೂತಾಗಿರಬಹುದು. ಪೆಟ್ರೋಲ್ ಆ ತೂತಿನ ಕೆಳಗಿಳಿದ ಮೇಲೆ ಪಂಪ್ ಗಾಳಿಯನ್ನೇ ಕುಡಿಯುತ್ತದೆ.

ಗಾಳಿ ಬರುತ್ತಿದೆಯೇ ಎಂದು ಕಣ್ಣಾರೆ ನೋಡಲು, ಪಂಪಿಗೆ ಬರುವ ಹೋಸ್ ಬಿಚ್ಚಿ, ನಡುವೆ ಒಂದಡಿ ಪಾರದರ್ಶಕ ಟ್ಯೂಬ್ ಸೇರಿಸಿ ಎಂಜಿನ್ ಓಡಿಸಿ. ಗುಳ್ಳೆಗಳ ಸಾಲು ನಿಲ್ಲದೆ ಬಂದರೆ ಹಿಂದೆಲ್ಲೋ ಬಿರುಕಿದೆ. ಆ ಟ್ಯೂಬ್ ಪರೀಕ್ಷೆಗೆ ಮಾತ್ರ, ಪೆಟ್ರೋಲಿಗೆ ಅದು ಗಟ್ಟಿಯಾಗಿ ಒಡೆಯುತ್ತದೆ. ಪೆಟ್ರೋಲ್ ಲೈನಿನ ಪ್ಲಾಸ್ಟಿಕ್ ಫಿಲ್ಟರ್ ಅರ್ಧ ಖಾಲಿ ಕಾಣುವುದು ದೋಷವಲ್ಲ, ಅದನ್ನು ತೋರಿಸಿ ಪಂಪ್ ಬದಲಿಸಿ ಎಂದರೆ ಒಪ್ಪಬೇಡಿ. ಫಿಲ್ಟರಿನ ಬಾಣದ ಗುರುತು ಕಾರ್ಬುರೇಟರ್ ಕಡೆಗಿದೆಯೇ ನೋಡಿ.

ಪಂಪ್ ಪರೀಕ್ಷೆ ತಣ್ಣಗಿನ ಎಂಜಿನ್‌ನಲ್ಲಿ, ಬಯಲಲ್ಲಿ ಮಾಡಬೇಕು. ಇಗ್ನಿಷನ್ ಕಾಯಿಲಿಗೆ ಕರೆಂಟ್ ತರುವ ವೈರ್ ಕಳಚಿ, ಕಾರ್ಬುರೇಟರಿಗೆ ಹೋಗುವ ಹೋಸನ್ನು ಬಾಟಲಿಯೊಳಗೆ ಇಳಿಸಿ, ಹತ್ತು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ. ಪೆಟ್ರೋಲ್ ಬಿಟ್ಟು ಬಿಟ್ಟು, ಪ್ರತಿ ಸಲವೂ ಜೋರಾಗಿ ಚಿಮ್ಮಬೇಕು. ತೊಟ್ಟಿಕ್ಕಿದರೆ ಸಾಲದು. ಒಳಗಿನ ಪೊರೆ (ಡಯಾಫ್ರಮ್) ಹರಿದ ಮೆಕ್ಯಾನಿಕಲ್ ಪಂಪ್ ಆಯಿಲ್‌ಗೂ ಪೆಟ್ರೋಲ್ ಬಿಡುತ್ತದೆ, ಆದ್ದರಿಂದ ಡಿಪ್‌ಸ್ಟಿಕ್ ಮೂಸುವುದನ್ನು ಮರೆಯಬೇಡಿ. ವಾಸನೆ ಇದ್ದರೆ ಪಂಪಿನ ಜತೆ ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿಯೇ ಕಾರು ಓಡಿಸಿ.

ಎಲೆಕ್ಟ್ರಿಕ್ ಪಂಪ್ ಹಾಕಲೇಬೇಕಾದರೆ 3ರಿಂದ 5 ಪಿಎಸ್‌ಐ ಒತ್ತಡದ್ದು, ಟ್ಯಾಂಕಿನ ಬಳಿಯೇ ಇರಬೇಕು. ಈ ಪಂಪುಗಳಿಗೆ ತಳ್ಳುವುದು ಸುಲಭ, ಎಳೆಯುವುದು ಕಷ್ಟ. ಎಂಜಿನ್ ನಿಂತರೆ ಪಂಪೂ ನಿಲ್ಲುವಂಥ ರಿಲೇ ಇಲ್ಲದೆ ಹಾಕಿಸಬೇಡಿ. ಅಪಘಾತದಲ್ಲಿ ಹೋಸ್ ಕಿತ್ತುಬಂದರೆ, ಚಾವಿ ಆನ್ ಇರುವವರೆಗೂ ಅದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಕಾರಿನ ಪಂಪಂತೂ ಬೇಡವೇ ಬೇಡ, ಅದರ ಒತ್ತಡ ಹತ್ತು ಪಟ್ಟು.

ದಾರಿಯೆಲ್ಲ ಸರಿಯಿದ್ದ ಮೇಲಷ್ಟೇ ಕಾರ್ಬುರೇಟರ್. ಅಲ್ಲೂ ಬಿಚ್ಚುವ ಮೊದಲು ಒಂದು ಕೆಲಸ: ಐಡ್ಲಿಂಗ್‌ನಲ್ಲಿ ಆಫ್ ಆಗಿ, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಓಡುವ ಕಾರಿನಲ್ಲಿ ಐಡಲ್ ಸೊಲೆನಾಯ್ಡ್ ನೋಡಿ, ಅದು ಐಡ್ಲಿಂಗ್‌ನ ಪೆಟ್ರೋಲ್ ದಾರಿ ತೆರೆಯುವ ಕರೆಂಟ್ ವಾಲ್ವ್. ಚಾವಿ ಆನ್ ಮಾಡಿದಾಗ ಅದು ಟಕ್ ಎನ್ನಬೇಕು. ವೈರ್ ಕಳಚಿದ್ದಕ್ಕೇ ಪೂರ್ತಿ ಕಾರ್ಬುರೇಟರ್ ಕೆಲಸ ಮಾಡಿಸಿಕೊಂಡವರು ಇದ್ದಾರೆ. ಬಿಚ್ಚಿಸಿದರೆ ಜೆಟ್‌ಗೆ ಕ್ಲೀನರ್ ಸ್ಪ್ರೇ ಮತ್ತು ಗಾಳಿ, ಇವೆರಡು ಮಾತ್ರ. ಜೆಟ್ ಹಿತ್ತಾಳೆಯದು. 95 ಎಂದು ಕೊರೆದಿರುವುದು ಸಾಮಾನ್ಯವಾಗಿ 0.95 ಮಿ.ಮೀ. ತೂತು. ತಂತಿ ಆಡಿಸಿದರೆ ಅಳತೆ ಕೆಡುತ್ತದೆ, ಮತ್ತೆ ಕೂಡಿಬರುವುದಿಲ್ಲ. ಮೇಲಿನ ಕಾರಿನ ಕಪ್ಪು ಹೊಗೆಗೆ ಮೂಲ ಅದೇ. ಸ್ಪ್ರೇ ಹೊಡೆಯುವ ಮೊದಲು ರಬ್ಬರ್ ಡಯಾಫ್ರಮ್‌ಗಳನ್ನು ತೆಗೆದಿಡಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಬಟ್ಟಲಲ್ಲಿ ತೇಲುವ ಫ್ಲೋಟ್ ಅಲುಗಾಡಿಸಿ, ಒಳಗೆ ಕುಲುಕಿದರೆ ಅದು ತೂತಾಗಿದೆ. ಕೆಲಸ ಯಾವುದೇ ಇರಲಿ, ಬದಲಿಸಿದ ಹಳೆಯ ಭಾಗವನ್ನು ಕೈಗೆ ತೆಗೆದುಕೊಂಡೇ ದುಡ್ಡು ಕೊಡಿ. ಅಸಲಿ ಕಾರ್ಬುರೇಟರಿಗೆ ರಿಪೇರಿ ಕಿಟ್ ಹಾಕಿ ಉಳಿಸಿಕೊಳ್ಳುವುದು, ಗುರುತಿಲ್ಲದ ಹೊಸದಕ್ಕಿಂತ ಯಾವತ್ತೂ ಮೇಲು.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲ್ ಈಗ ಬಹುತೇಕ ಎಲ್ಲ ಬಂಕುಗಳಲ್ಲೂ ಸಿಗುವುದೇ ಆದ್ದರಿಂದ ಈ ಹೋಸ್‌ಗಳ ವಿಷಯ ಇನ್ನೂ ತುರ್ತಿನದು. ಅದರಲ್ಲಿರುವ 20% ಎಥನಾಲ್ ಹಳೇ ರಬ್ಬರನ್ನು ಉಬ್ಬಿಸಿ, ಮೆತ್ತಗಾಗಿಸಿ, ಕೊನೆಗೆ ಬಿರಿಯುವಂತೆ ಮಾಡುತ್ತದೆ. ಟ್ಯಾಂಕಿನ ತಳದ ಅಂಟನ್ನು ಕರಗಿಸಿ ಫಿಲ್ಟರಿಗೆ ತರುತ್ತದೆ, ಗಾಳಿಯ ತೇವ ಹೀರುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲ್ ಉರಿಯಲು 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಹಳೇ ಜೆಟ್‌ಗೆ ಇದು ತಿಳಿಯದು, ಗಾಳಿ ಹೆಚ್ಚಾಗಿ, ಮಿಶ್ರಣ ತೆಳುವಾಗಿ ಪಿಕಪ್ ಸ್ವಲ್ಪ ಕುಂದುತ್ತದೆ. ಐಡಲ್ ಮಿಕ್ಸ್‌ಚರ್ ಸ್ಕ್ರೂ ಕಾಲು ಸುತ್ತು ಹೊರಗೆ ತಿರುಗಿಸಿದರೆ ಐಡ್ಲಿಂಗ್ ಮಟ್ಟಿಗೆ ಸರಿಹೋಗಬಹುದು. ಅದಕ್ಕಾಗಿ ಮೇನ್ ಜೆಟ್ ಕೊರೆಸಬೇಡಿ.

ಹೋಸ್ ಕೊಳ್ಳುವಾಗ ಮೇಲೆ ಎಸ್‌ಎಇ ಜೆ30 ಆರ್9 (SAE J30R9) ಎಂಬ ಇಂಧನ ಹೋಸಿನ ಮಾನಕದ ಅಚ್ಚು ನೋಡಿ. ಕಬ್ಬಿಣದ ಪೈಪಿನ ಹೊರ ಅಳತೆ ತೆಗೆದುಕೊಂಡೇ ಅಂಗಡಿಗೆ ಹೋಗಿ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಎಲ್ಲ ತುಂಡುಗಳನ್ನೂ, ಪೆಟ್ರೋಲ್ ವಾಪಸ್ ಹೋಗುವ ಲೈನಿನದನ್ನೂ ಒಟ್ಟಿಗೇ ಬದಲಿಸಿ, ಒಂದು ಬಿರಿದಿದ್ದರೆ ಉಳಿದವಕ್ಕೂ ಅಷ್ಟೇ ವಯಸ್ಸು. ಹೊಸ ರಬ್ಬರ್ ಕೂತಮೇಲೆ ಕ್ಲಿಪ್ಪುಗಳು ಸಡಿಲವಾಗುತ್ತವೆ, ವಾರದೊಳಗೆ ಒಮ್ಮೆ ಬಿಗಿ ಮಾಡಿ. ಆಗಲೇ ಫಿಲ್ಟರನ್ನೂ ನೋಡಿ, ಕಂದು ಬಣ್ಣದ ಪುಡಿ ಕೂತಿದ್ದರೆ ಟ್ಯಾಂಕ್ ಇಳಿಸಿ ತೊಳೆಸಬೇಕು.